ನಾಯಿಯ ಅಭ್ಯಂಜನ

ಕೆಲವು ಶಬ್ದಗಳು ನಮ್ಮ ದೇಶದಿಂದ ಹಡಗು ಹತ್ತಿ ಹೋಗಿ, ಪರದೇಶದಲ್ಲಿ ವೇಷವನ್ನೂ ಅರ್ಥವನ್ನೂ ಬದಲಿಸಿಕೊಂಡು, ಸೀಸೆಯೊಳಗೆ ಕುಳಿತು ನಮ್ಮ ಅಂಗಡಿಗಳಿಗೇ ಹಿಂದಿರುಗುತ್ತವೆ. ‘ಶಾಂಪೂ’ ಅಂಥದೊಂದು ಶಬ್ದ. ಹಿಂದಿಯಲ್ಲಿ ‘ಚಾಂಪನಾ’ ಎಂದರೆ ಒತ್ತುವುದು, ಮೈ ತಿಕ್ಕುವುದು. ಈ ಮಾತಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದುಕೊಟ್ಟವನು ೧೭೫೯ರಲ್ಲಿ ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ ನೆಲಸಿ, ೧೭೯೪ರಲ್ಲಿ ಇಂಗ್ಲಿಷಿನಲ್ಲಿ ತನ್ನ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿ, ೧೮೧೦ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಮನೆ ತೆರೆದು ಕೈಸುಟ್ಟುಕೊಂಡು, ಕೊನೆಗೆ ಬ್ರೈಟನ್ ಎಂಬ ಕಡಲ ತೀರದ ಊರಿನಲ್ಲಿ ಹಬೆಯ ಸ್ನಾನಗೃಹವನ್ನಿಟ್ಟ. ಗಿರಾಕಿಯನ್ನು ಮೂಲಿಕೆಯ ಹಬೆಯಲ್ಲಿ ಕೂರಿಸಿ, ಫ್ಲಾನೆಲ್ ಬಟ್ಟೆಯ ಗುಡಾರದೊಳಕ್ಕೆ ಕೈ ತೂರಿಸಿ ಮೈಯೊತ್ತುವುದೇ ಅವನ ‘ಶಾಂಪೂ’. ನಾಲ್ಕನೆಯ ಜಾರ್ಜ್ ದೊರೆಗೂ ಅವನ ಕೈಗುಣ ಒಪ್ಪಿಗೆಯಾಗಿತ್ತು. ೧೮೫೧ರಲ್ಲಿ ಆತ ತೀರಿಕೊಂಡ ಮೇಲೆ ಆ ಮಾತು ಮೈಯನ್ನು ಬಿಟ್ಟು ತಲೆಗೇರಿತು. ಕೈಯ ಕೆಲಸವನ್ನು ಬಿಟ್ಟು ನೊರೆಯ ಹೆಸರಾಯಿತು.

ಆ ನೊರೆ ಈಗ ನಾಯಿಗಳ ಪಾಲಿಗೂ ಬಂದಿದೆ. ನಮ್ಮ ಯಾವ ದೊಡ್ಡ ಪೇಟೆಗೆ ಹೋದರೂ ನಾಯಿಗಳ ಸಾಮಾನಿನ ಅಂಗಡಿಯೊಂದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಬೇವಿನದು, ಓಟ್ಸಿನದು, ಬಿಳಿಯ ಕೂದಲಿಗೆ ಬೇರೆ, ಕರಿಯ ಕೂದಲಿಗೆ ಬೇರೆ ಎಂದು ಸೀಸೆಗಳ ಸಾಲೇ ಇದೆ. ಕೊಳ್ಳಲು ಬಂದವರು ಮಾಡುವ ಮೊದಲ ಕೆಲಸವೆಂದರೆ ಮುಚ್ಚಳ ತೆರೆದು ಮೂಸುವುದು. ಅದನ್ನು ಕಂಡಾಗಲೆಲ್ಲ ನನಗೆ ಹಳೆಯ ಪುಸ್ತಕಗಳು ನೆನಪಾಗುತ್ತವೆ. ನಾಯಿಯ ಮೈಗೆ ಏನು ಹಚ್ಚಬೇಕೆಂಬುದನ್ನು ಎರಡು ಸಾವಿರ ವರ್ಷ ತೀರ್ಮಾನಿಸಿದ್ದು ಹೆಚ್ಚಾಗಿ ಮನುಷ್ಯನ ಮೂಗು, ಅವನ ಕಣ್ಣು, ಅವನ ಬೇಟೆಯ ಅವಸರ. ನಾಯಿಯ ಚರ್ಮದ ಅಹವಾಲನ್ನು ಕೇಳಿದ್ದು ತೀರ ಈಚೆಗೆ.

ರೋಮನರು ಮಾತ್ರ ವಾಸನೆಯ ವಿಷಯದಲ್ಲಿ ತಲೆಕೆಡಿಸಿಕೊಂಡವರಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾರೋ ಎಂಬ ಪಂಡಿತ ತನ್ನ ಕೃಷಿಗ್ರಂಥದಲ್ಲಿ, ನೊಣ, ಉಣ್ಣೆ, ಚಿಗಟಗಳು ಹುಣ್ಣು ಮಾಡದಿರಲೆಂದು ಬಾದಾಮಿಯನ್ನು ನೀರಿನಲ್ಲಿ ಅರೆದು ನಾಯಿಯ ಕಿವಿಗೂ ಬೆರಳಸಂದಿಗೂ ಸವರಬೇಕೆನ್ನುತ್ತಾನೆ. ಉಣ್ಣೆ ಮೊದಲು ಕಚ್ಚಿಕೊಳ್ಳುವ ಜಾಗಗಳು ಇಂದಿಗೂ ಅವೇ. ಅವನ ತರುವಾಯ ಬಂದ ಕೊಲುಮೆಲ್ಲ ಇನ್ನೂ ಮುಂದೆ ಹೋಗಿ, ಚಿಗಟಕ್ಕೆ ಜೀರಿಗೆಯನ್ನೂ ಹೆಲಿಬೋರ್ ಎಂಬ ವಿಷದ ಬೇರನ್ನೂ ಸಮಭಾಗ ಅರೆದು ನೀರಿನಲ್ಲಿ ಕದಡಿ ಹಚ್ಚಬೇಕೆಂದೂ, ಇಲ್ಲವಾದರೆ ಹಳೆಯ ಎಣ್ಣೆಯ ಗಸಿಯನ್ನು ಮೈಮೇಲೆಲ್ಲ ಸುರಿಯಬೇಕೆಂದೂ ಬರೆದ. ಕಜ್ಜಿಗೆ ಅವನು ಹೇಳಿದ ಔಷಧದಲ್ಲಿ ಎಳ್ಳು ಇದೆ, ಜಿಪ್ಸಮ್ ಇದೆ, ಮರದ ರಾಳವಿದೆ. ಮೈಯೆಲ್ಲ ನೆಕ್ಕಿಕೊಳ್ಳುವ ಪ್ರಾಣಿಗೆ ಹೆಲಿಬೋರ್ ಹಚ್ಚಿದರೆ ಗತಿಯೇನು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇವರೆಲ್ಲರಿಗಿಂತ ನನಗೆ ಮೆಚ್ಚುಗೆಯಾದವನು ಎರಡನೆಯ ಶತಮಾನದ ಅರ್ರಿಯನ್. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆ ಬರೆದ ಅದೇ ಮನುಷ್ಯ. ಅವನಿಗೆ ನಾಯಿ ಎಂದರೆ ಪ್ರಾಣ. ಬೇಟೆನಾಯಿಗಳನ್ನು ಕುರಿತ ಅವನ ಪುಸ್ತಕದಲ್ಲಿ, ಕುದುರೆಗೆ ಮೈ ತಿಕ್ಕುವಂತೆ ನಾಯಿಗೂ ಇಡೀ ಮೈಯನ್ನು ತಿಕ್ಕಬೇಕು, ಅದರಿಂದ ಬಹಳ ಪ್ರಯೋಜನವಿದೆ ಎಂಬ ಉಪದೇಶವಿದೆ. ಸೀಸೆಯ ಮಾತೇ ಇಲ್ಲದ ಈ ಉಪದೇಶ, ಶಬ್ದದ ಮೊದಲಿನ ಅರ್ಥದಲ್ಲಿ, ಅಪ್ಪಟ ಶಾಂಪೂವೇ ಸರಿ.

ನಮ್ಮ ಕಡೆ ನಾಯಿಗೆ ಸಂದ ಗೌರವ ಕಡಿಮೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಓದುಗರು ಬಲ್ಲರು. ಕ್ರಿ. ಶ. ೯೪೯-೫೦ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಬೇಕಾದ್ದನ್ನು ಕೇಳೆಂದಾಗ, ಆ ವೀರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಕಾಳಿ ಮುಂದೆ ದೊಡ್ಡ ಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಇದಾದ ಸುಮಾರು ೧೮೦ ವರ್ಷಗಳ ಮೇಲೆ ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿದ್ಧವಾಯಿತು. ಅರಸನ ಮೀಯುವಿಕೆಗೆಂದೇ ಅದರಲ್ಲಿ ‘ಸ್ನಾನಭೋಗ’ವಿದೆ, ಬೇಟೆನಾಯಿಗಳಿಗಾಗಿ ‘ಸಾರಮೇಯವಿನೋದ’ವಿದೆ. ಒಂದು ಭೋಗದ ವಿಂಶತಿಯಲ್ಲಿ, ಇನ್ನೊಂದು ವಿನೋದದ ವಿಂಶತಿಯಲ್ಲಿ. ಸ್ನಾನ ಅರಸನಿಗೆ ಭೋಗ, ನಾಯಿ ಅರಸನಿಗೆ ವಿನೋದ. ಈ ವಿಂಗಡಣೆ ಜಗತ್ತಿನ ಎಲ್ಲ ಅರಮನೆಗಳಿಗೂ ಒಪ್ಪುವಂಥದೇ. ಹಳ್ಳಿಯ ನಾಯಿಯಂತೂ ಒಲೆಯ ಬೂದಿಯಲ್ಲಿ ಮಲಗಿ, ಮಳೆ ಬಂದರೆ ನೆನೆದು, ಮೈ ಒದರಿ ಬಿಸಿಲಿಗೆ ಬಿದ್ದುಕೊಂಡು ತನ್ನ ಚರ್ಮವನ್ನು ತಾನೇ ನೋಡಿಕೊಂಡಿತು.

ನಾಯಿಯ ಮೈತೊಳೆಯುವುದು ಒಂದು ವ್ಯಾಪಾರವಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ೧೮೫೯ರಲ್ಲಿ ನ್ಯೂಕ್ಯಾಸಲ್ ಊರಿನಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ಜಾತಿಯ ಸುಮಾರು ೬೦ ನಾಯಿಗಳ ಪ್ರದರ್ಶನ ನಡೆಯಿತು. ಗೆದ್ದವರಿಗೆ ಬಹುಮಾನ ಬಂದೂಕು. ೧೮೭೩ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿತು. ೧೮೯೧ರಲ್ಲಿ ಚಾರ್ಲ್ಸ್ ಕ್ರಫ್ಟ್ ತನ್ನ ಹೆಸರಿನ ದೊಡ್ಡ ಪ್ರದರ್ಶನವನ್ನು ಆರಂಭಿಸಿದ. ಅವನು ನಾಯಿಯ ಬಿಸ್ಕತ್ತು ಮಾರುವ ಸ್ಪ್ರಾಟ್ ಕಂಪನಿಯ ನೌಕರನಾಗಿದ್ದವನು ಎಂಬುದನ್ನು ಗಮನಿಸಬೇಕು. ಹೊಲದಲ್ಲಿ ಹಕ್ಕಿಯ ಜಾಡು ಹಿಡಿಯುವ ನಾಯಿಗೆ ಹೊಳಪು ಏತಕ್ಕೆ? ಕಟಕಟೆಯಲ್ಲಿ ನಿಂತು ತೀರ್ಪುಗಾರನ ಕಣ್ಣಿಗೆ ಬೀಳಬೇಕಾದ ನಾಯಿಗೆ ಹೊಳಪೇ ಬಂಡವಾಳ. ಅಲ್ಲಿಂದ ನಾಯಿಯ ಸಾಬೂನು ಬಂತು, ಬ್ರಷ್ಷು ಬಂತು, ಜಾಹೀರಾತು ಬಂತು.

ಅದೇ ಕಾಲಕ್ಕೆ ಕಾರ್ಬಾಲಿಕ್ ಆಮ್ಲದ ಯುಗವೂ ತೊಡಗಿತು. ೧೮೬೭ರಲ್ಲಿ ಲಿಸ್ಟರ್ ಎಂಬ ಶಸ್ತ್ರವೈದ್ಯ ಗಾಯ ಕೊಳೆಯದಂತೆ ಅದನ್ನು ಬಳಸಿ ತೋರಿಸಿದ್ದೇ ತಡ, ಅದು ಆಸ್ಪತ್ರೆಯಿಂದ ಮನೆಗೂ ಮನೆಯಿಂದ ಲಾಯಕ್ಕೂ ನುಗ್ಗಿತು. ನಮ್ಮಲ್ಲಿ ದೊರೆಗಳ ಬಂಗಲೆಗಳಲ್ಲಿ ನಾಯಿಯನ್ನು ನೋಡಿಕೊಳ್ಳಲೆಂದೇ ಒಬ್ಬ ಹುಡುಗನಿರುತ್ತಿದ್ದ. ಕೆಂಪು ಸಾಬೂನಿನ ಆ ಘಾಟು ವಾಸನೆಯನ್ನು ಶುಚಿತ್ವದ ವಾಸನೆಯೆಂದೇ ಎರಡು ಮೂರು ತಲೆಮಾರು ನಂಬಿತು. ಆದರೆ ಕಾರ್ಬಾಲಿಕ್ ಚರ್ಮದ ಮೂಲಕ ಮೈಯೊಳಕ್ಕೆ ಇಳಿಯುವ ವಸ್ತು. ನಾಯಿ ಅದನ್ನು ನೆಕ್ಕಿಯೂ ನುಂಗುತ್ತದೆ. ಬೆಕ್ಕಿಗಂತೂ ಅದು ನೇರವಾಗಿ ವಿಷ. ಮನುಷ್ಯನಿಗೆ ಒಳ್ಳೆಯದಾದದ್ದು ನಾಯಿಗೂ ಒಳ್ಳೆಯದೇ ಇರಬೇಕೆಂಬ ಧಾರಾಳಬುದ್ಧಿಗೆ ಎಷ್ಟು ಪ್ರಾಣಿಗಳು ಬಲಿಯಾದವೋ ಲೆಕ್ಕವಿಟ್ಟವರಿಲ್ಲ.

ಲೆಕ್ಕ ಬೇರೆಯೆಂದು ತಿಳಿಯಲು ಮೊದಲು ಅಳತೆಗೋಲು ಬೇಕಾಗಿತ್ತು. ೧೯೦೯ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್‌ಸೆನ್ ಎಂಬ ವಿಜ್ಞಾನಿ ಆಮ್ಲ-ಕ್ಷಾರಗಳನ್ನು ಅಳೆಯುವ ಪಿ. ಎಚ್. ಮಾನವನ್ನು ಕೊಟ್ಟ. ೭ ಎಂದರೆ ಸಮ. ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ೧೯೨೮ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನೀನಿ, ಮನುಷ್ಯನ ಚರ್ಮಕ್ಕೆ ತೆಳುವಾದ ಆಮ್ಲದ ಹೊದಿಕೆಯೊಂದಿದೆ ಎಂದರು. ನಮ್ಮ ಚರ್ಮ ೫ರ ಆಸುಪಾಸಿನಲ್ಲಿದ್ದರೆ ನಾಯಿಯದು ಸಾಮಾನ್ಯವಾಗಿ ೬ರಿಂದ ೭.೫ರವರೆಗೆ, ತಳಿಯಿಂದ ತಳಿಗೆ, ಒಂದೇ ನಾಯಿಯ ಬೆನ್ನಿಗೂ ಹೊಟ್ಟೆಗೂ ಅದು ಬದಲಾಗುತ್ತದೆ. ನಮ್ಮ ಹೊರಚರ್ಮದಲ್ಲಿ ಜೀವಕೋಶಗಳ ೧೦-೧೫ ಪದರವಿದ್ದರೆ ನಾಯಿಯದರಲ್ಲಿ ೩ರಿಂದ ೫. ಕೂದಲಿನ ಕಂಬಳಿ ಹೊದ್ದಿರುವುದರಿಂದ ಅದಕ್ಕೆ ದಪ್ಪ ಚರ್ಮದ ಅಗತ್ಯ ಬೀಳಲಿಲ್ಲ. ‘ನಾಯಿಚರ್ಮ’ ಎಂದು ಬಯ್ಯುವವರು ಇದನ್ನು ತಿಳಿದಿರಬೇಕು. ಬಟ್ಟೆ ಸೋಪಿನ ನೊರೆಯೋ ೯-೧೦ರ ಕ್ಷಾರ. ಅದು ಕೊಳೆಯ ಜೊತೆಗೆ ಚರ್ಮದ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತದೆ. ಮಿಕ್ಕದ್ದು ಒಣ ಹೊಟ್ಟು ಮತ್ತು ಕೆರೆತ.

೧೯೩೪ರಲ್ಲಿ ಅಮೆರಿಕದಲ್ಲಿ ಸಾಬೂನಿಲ್ಲದ ಕೃತಕ ನೊರೆಯ ಶಾಂಪೂ ‘ಡ್ರೀನ್’ ಮಾರುಕಟ್ಟೆಗೆ ಬಂತು. ೧೯೫೦ರ ದಶಕದಲ್ಲಿ ಮಕ್ಕಳ ಕಣ್ಣಿಗೆ ಉರಿಯಾಗದ ಮೃದು ಶಾಂಪೂಗಳು ಬಂದವು. ಈ ಎರಡನೆಯ ಬಗೆಯದನ್ನು ಆಪತ್ಕಾಲದಲ್ಲಿ ಒಮ್ಮೆ ನಾಯಿಗೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈಚೆಗೆ ಪಿ. ಎಚ್. ಎಂಬ ಎರಡಕ್ಷರಕ್ಕೆ ಅಂಗಡಿಯವರು ಸಲ್ಲದಷ್ಟು ಮಹತ್ವ ಕೊಟ್ಟಿದ್ದಾರೆ. ನೊರೆ ಎಷ್ಟು ಕಟುವಾದದ್ದು, ಅದನ್ನು ಎಷ್ಟು ಚೆನ್ನಾಗಿ ತೊಳೆದು ತೆಗೆದರು, ಎಷ್ಟು ದಿನಕ್ಕೊಮ್ಮೆ ಹಾಕಿದರು ಎಂಬುದೂ ಅಷ್ಟೇ ಮುಖ್ಯ.

ನಮ್ಮ ಸೀಗೇಕಾಯಿ, ಅಂಟುವಾಳ ಆಗದೇ ಎಂದು ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಎರಡರಲ್ಲೂ ನೊರೆ ಬರಿಸುವ ಸ್ಯಾಪೊನಿನ್ ಎಂಬ ದ್ರವ್ಯವಿದೆ. ಸಾಬೂನಿನ ಕ್ಷಾರ ಇವಕ್ಕಿಲ್ಲ. ಆದರೆ ನಮ್ಮ ಹಿರಿಯರು ಸೀಗೆಯನ್ನು ಬಳಸಿದ್ದು ಎಣ್ಣೆ ನೀರಿಗೆ. ತಲೆಗೆ ಹರಳೆಣ್ಣೆ ತಟ್ಟಿ, ನೆನೆಯಬಿಟ್ಟು, ಆ ಜಿಡ್ಡನ್ನು ತೆಗೆಯಲು ಸೀಗೆ. ಎಣ್ಣೆಯನ್ನೇ ಹಚ್ಚದ ನಾಯಿಗೆ ಸೀಗೆ ಹಾಕಿದರೆ ಅದು ತೆಗೆಯುವುದು ನಾಯಿಯ ಸ್ವಂತ ಜಿಡ್ಡನ್ನು. ಸಾಲದ್ದಕ್ಕೆ ಪುಡಿಯ ತರಿ ದಟ್ಟ ತುಪ್ಪಳದ ಬುಡದಲ್ಲಿ ನಿಂತುಬಿಡುತ್ತದೆ. ಕಣ್ಣಿಗೆ ಬಿದ್ದರೆ ಉರಿ ಹೇಗಿರುತ್ತದೆಂದು ದೀಪಾವಳಿಯ ಬೆಳಗ್ಗೆ ಅಜ್ಜಿಯ ಕೈಗೆ ಸಿಕ್ಕವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆರೋಗ್ಯವಂತ ನಾಯಿಯ ಮಾತಾಯಿತು. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಬಿಳಿಯ ಪೊಮರೇನಿಯನ್ ನಾಯಿಯಿದೆ. ಅದು ಹಗಲಿರುಳು ಕೆರೆದುಕೊಳ್ಳತೊಡಗಿತು. ಅಂಗಡಿಯೊಂದರಲ್ಲಿ ಗುಲಾಬಿ ಪರಿಮಳದ ಸೀಸೆಯೊಂದನ್ನು ತುರಿಕೆಗೆ ರಾಮಬಾಣವೆಂದು ಕೊಟ್ಟರು. ವಾರಕ್ಕೆರಡು ಸಲದಂತೆ ಒಂದು ತಿಂಗಳು ತೊಳೆದದ್ದಾಯಿತು. “ರಾಯರೇ, ವಾಸನೆ ಹೋಗಿದೆ, ಕೆರೆತ ಹೋಗಿಲ್ಲ” ಎಂದು ಮೇಷ್ಟರು ನನ್ನಲ್ಲಿ ಹೇಳಿಕೊಂಡ ಹೊತ್ತಿಗೆ ಅವರ ಮೊಮ್ಮಗಳ ಮುಂಗೈಯಲ್ಲೂ ಕೆಂಪು ಗುಳ್ಳೆಗಳೆದ್ದಿದ್ದವು. ಪಶುವೈದ್ಯರು ನಾಯಿಯ ಕಿವಿಯಂಚನ್ನು ಕೊಂಚ ಹೆರೆದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಕಜ್ಜಿಯ ಹುಳು! ೧೬೮೭ರಲ್ಲಿ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಮನುಷ್ಯನ ಕಜ್ಜಿಯಲ್ಲಿ ಕಂಡು ಬರೆದ ಹುಳುವಿನದೇ ಜಾತಿ. ಮುನ್ನೂರು ವರ್ಷಕ್ಕೂ ಮೇಲೆ ತಿಳಿದಿರುವ ಸಂಗತಿಯನ್ನು ಒಂದು ಪರಿಮಳದ ಸೀಸೆ ಒಂದು ತಿಂಗಳು ಮುಚ್ಚಿಟ್ಟಿತು. ಔಷಧ ಬಿದ್ದ ಮೇಲೆ ನಾಯಿಯೂ ಗುಣವಾಯಿತು, ಹುಡುಗಿಯ ಗುಳ್ಳೆಯೂ ಇಳಿಯಿತು.

ತುರಿಕೆಗೆ ಹುಳುವೊಂದೇ ಕಾರಣವಲ್ಲ. ೧೯೨೫ರಲ್ಲಿ ಅಮೆರಿಕದ ಫಿಲಡೆಲ್ಫಿಯ ಮೃಗಾಲಯದಲ್ಲಿ ಚರ್ಮ ಸುಲಿಯುತ್ತಿದ್ದ ಘೇಂಡಾಮೃಗವೊಂದರ ಮೈಮೇಲೆ ವೈಡ್‌ಮನ್ ಎಂಬ ವಿಜ್ಞಾನಿ ಒಂದು ಬಗೆಯ ಬೂಷ್ಟನ್ನು ಗುರುತಿಸಿದ. ‘ದಪ್ಪ ಚರ್ಮದ್ದು’ ಎಂಬರ್ಥದ ಹೆಸರು ಅದಕ್ಕೆ ಅಂಟಿಕೊಂಡಿತು. ತೆಳುಚರ್ಮದ ನಾಯಿಗಳ ಕಿವಿಯಲ್ಲಿ, ಬೆರಳಸಂದಿಯಲ್ಲಿ ಅದು ಸದಾ ಇರುವ ಒಕ್ಕಲೆಂದು ಆಮೇಲೆ ತಿಳಿಯಿತು. ಅದು ಮಿತಿಮೀರಿ ಬೆಳೆದಾಗ ಜಿಡ್ಡು, ಕಮಟು ವಾಸನೆ, ತುರಿಕೆ. ಅದಕ್ಕೆ ಇಂದು ಕ್ಲೋರ್‌ಹೆಕ್ಸಿಡೀನ್, ಮೈಕೊನಜೋಲ್ ಸೇರಿದ ಔಷಧದ ಶಾಂಪೂಗಳಿವೆ. ಅವನ್ನು ಹಚ್ಚಿ ಹತ್ತು ನಿಮಿಷ ಹಾಗೇ ಬಿಡಬೇಕು. ಹಚ್ಚಿದ ಕೂಡಲೇ ನೀರು ಹೊಯ್ದರೆ ದುಡ್ಡು ಮೋರಿಗೆ. ಆ ಹತ್ತು ನಿಮಿಷ ನಾಯಿಯನ್ನು ಹಿಡಿದಿಟ್ಟುಕೊಳ್ಳುವುದೇ ಚಿಕಿತ್ಸೆಯ ಕಷ್ಟದ ಭಾಗ. ಟೀ ಟ್ರೀ ಎಣ್ಣೆಯಂಥ ಗಾಢ ಎಣ್ಣೆಗಳನ್ನು ‘ನೈಸರ್ಗಿಕ’ವೆಂಬ ಮಾತಿಗೆ ಮರುಳಾಗಿ ನೇರವಾಗಿ ಹಚ್ಚಬಾರದು, ಹೆಲಿಬೋರ್ ಕೂಡ ನೈಸರ್ಗಿಕವೇ ಆಗಿತ್ತು.

ಕೂದಲಿನ ವಿಷಯದಲ್ಲಿ ಒಂದೆರಡು ಮಾತು. ಪೊಮರೇನಿಯನ್ನಿನಂತೆ ಮೇಲೊಂದು, ಒಳಗೊಂದು ಎರಡು ಪದರದ ತುಪ್ಪಳವಿರುವ ನಾಯಿಗೆ ಮೊದಲು ಬಾಚಿ ಗಂಟು ಬಿಡಿಸಿ ಆಮೇಲೆ ನೀರು. ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ, ಅದರಡಿ ಚರ್ಮ ಬೆಂದಂತಾಗುತ್ತದೆ. ಮುಧೋಳದ ನಾಯಿಗೆ ಈ ತಾಪತ್ರಯವೇ ಇಲ್ಲ. ೨೦೦೫ರಲ್ಲಿ ಭಾರತದ ಅಂಚೆ ಚೀಟಿಯ ಮೇಲೂ ನಿಂತ ನಾಯಿ ಅದು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಅದಕ್ಕಾಗಿಯೇ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಕೇಂದ್ರವನ್ನಿಟ್ಟಿದೆ. ಸೋಮೇಶ್ವರನ ಕಲ್ಯಾಣವೂ ಇಂದು ಬೀದರ ಜಿಲ್ಲೆಯಲ್ಲೇ ಇರುವುದು ಒಂದು ಯೋಗಾಯೋಗ. ಗಿಡ್ಡ ಕೂದಲು, ತೆಳು ಚರ್ಮ, ಮೈಯಲ್ಲಿ ಕೊಬ್ಬು ಕಡಿಮೆ. ಇಂಥ ನಾಯಿಯನ್ನು ಪಟ್ಟಣಕ್ಕೆ ತಂದು ವಾರವಾರವೂ ನೊರೆಯಲ್ಲಿ ಮುಳುಗಿಸುವವರನ್ನು ಕಂಡಿದ್ದೇನೆ. ಅದಕ್ಕೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಕೈಯಿಂದ ಮೈ ತಿಕ್ಕಿದರೆ ಬಹುದಿನ ಸಾಕು. ಕೆಸರಾದಾಗ, ವಾಸನೆ ಬಂದಾಗ ಪರಿಮಳವಿಲ್ಲದ ಮೃದುವಾದ ನಾಯಿಶಾಂಪೂವನ್ನು ನೀರಿನಲ್ಲಿ ಬೆರೆಸಿ ಹಾಕಿ, ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಕಿವಿಯೊಳಗೆ ನೀರಿಳಿಯದಂತೆ ನೋಡಿಕೊಂಡು, ಚಳಿಗಾಲವಾದರೆ ಬಿಸಿಲೇರಿದ ಮೇಲೆ ಮೀಯಿಸಬೇಕು.