ಮೂರು ಲೆಜರ್, ಒಂದೇ ಮುಳ್ಳು: ಮಲ್ಟಿಮೀಟರಿನ ಕಥೆ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಓಡಾಡಿದವರಿಗೆ ಮಲ್ಟಿಮೀಟರಿನ ಪರಿಚಯ ಹೇಳಬೇಕಾಗಿಲ್ಲ. ಅಂಗಡಿ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಕೆಂಪೊಂದು, ಕಪ್ಪೊಂದು ವಯರು, ನಡುವೆ ತಿರುಗಿಸುವ ಗುಂಡಿ. ನಾನು ಓದಿದ್ದು ಬಿ.ಕಾಂ., ಹೊಟ್ಟೆಪಾಡಿಗೆ ಬ್ಯಾಂಕು. ನನಗೆ ಗೊತ್ತಿರುವ ಕರೆಂಟು ಕರೆಂಟ್ ಅಕೌಂಟ್ ಒಂದೇ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಆದರೂ ಈ ಪೆಟ್ಟಿಗೆಯ ಚರಿತ್ರೆ ಓದುತ್ತಾ ಹೋದಂತೆ, ಅರೆ, ಇದು ನಮ್ಮ ಆಡಿಟ್‌ನ ಕಥೆಯೇ ಅಲ್ಲವೇ ಅನ್ನಿಸಿತು.

ಶುರುವಾಗಿದ್ದು 1820ರಲ್ಲಿ. ಕೋಪನ್‌ಹೇಗನ್ನಿನ ಓರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕಂಡ. ಅದೇ ವರ್ಷ ಜರ್ಮನಿಯ ಶ್ವೈಗರ್ ಆ ತಂತಿಯನ್ನು ಸುರುಳಿ ಸುತ್ತಿ ಅಲುಗಾಟವನ್ನು ಹೆಚ್ಚಿಸಿದ. 1827ರಲ್ಲಿ ಓಂ ತನ್ನ ನಿಯಮ ಪ್ರಕಟಿಸಿದ: ವೋಲ್ಟೇಜು, ಕರೆಂಟು, ತಡೆ, ಈ ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನೇ ಸಿಗುತ್ತದೆ. ನಮ್ಮ ಅಸಲು, ಬಡ್ಡಿ, ಮೊತ್ತ ಇದ್ದ ಹಾಗೆ.

ಪ್ರಯೋಗಶಾಲೆಯ ಈ ಮುಳ್ಳನ್ನು ಕೈಯಲ್ಲಿ ಒಯ್ಯುವ ಭರವಸೆಯ ಉಪಕರಣ ಮಾಡಿದ್ದು ಎಡ್ವರ್ಡ್ ವೆಸ್ಟನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದವನು, ಅಂದರೆ ನಮ್ಮ ಹಾಗೆ ವಲಸಿಗ. 1888ರಲ್ಲಿ ಆತ ಸ್ಥಾಪಿಸಿದ ಕಂಪನಿ ಶಾಶ್ವತ ಅಯಸ್ಕಾಂತದ ನಡುವೆ ತಿರುಗುವ ಸುರುಳಿಯ ಮೀಟರುಗಳನ್ನು ಮಾಡಿ ಹೆಸರಾಯಿತು. ಬಿಸಿಲಿಗೂ ಚಳಿಗೂ ಹೆಚ್ಚು ಬದಲಾಗದ ಮಿಶ್ರಲೋಹದ ತಂತಿಗಳನ್ನೂ ಆತ ರೂಪಿಸಿದ. ತಕ್ಕಡಿಯೇ ದಿನಕ್ಕೊಂದು ತೂಕ ತೋರಿಸಿದರೆ ವ್ಯಾಪಾರ ಹೇಗೆ ನಡೆದೀತು?

ಆದರೆ ಆಗ ಒಂದೊಂದು ಅಳತೆಗೂ ಒಂದೊಂದು ಮೀಟರ್. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಗೆ ಟೆಲಿಗ್ರಾಫ್, ಟೆಲಿಫೋನ್ ಲೈನು ನೋಡಲು ಅಷ್ಟನ್ನೂ ಹೊತ್ತು ತಿರುಗಿ ಸಾಕಾಯಿತು. ಮುಳ್ಳು ಹೇಗಿದ್ದರೂ ಒಂದೇ, ಅದರ ಜೊತೆಗಾರರನ್ನು ಬದಲಿಸಿದರೆ ಸಾಲದೇ? ಮುಳ್ಳಿನ ಸುರುಳಿಗೆ ಸಾಲಾಗಿ ದೊಡ್ಡ ತಡೆ ಸೇರಿಸಿದರೆ ಅದು ವೋಲ್ಟ್ ಮೀಟರ್. ಪಕ್ಕದಲ್ಲಿ ಅತಿ ಕಡಿಮೆ ತಡೆಯ ಒಳದಾರಿ ಕೊಟ್ಟರೆ ಆಂಪಿಯರ್ ಮೀಟರ್. ಒಳಗೊಂದು ಬ್ಯಾಟರಿ ಇಟ್ಟರೆ ಓಂ ಮೀಟರ್. ಹೀಗೆ 1923ರಲ್ಲಿ ಲಂಡನ್ನಿನಿಂದ ಮಾರುಕಟ್ಟೆಗೆ ಬಂತು ಆವೋಮೀಟರ್. ಆಂಪಿಯರ್, ವೋಲ್ಟ್, ಓಂ, ಮೂರರ ಮೊದಲಕ್ಷರ.

ಬಳಸುವ ಕ್ರಮವೂ ಇದರಲ್ಲೇ ಅಡಗಿದೆ. ವೋಲ್ಟೇಜು ಅಳೆಯುವಾಗ ಎರಡು ಬಿಂದುಗಳ ಮೇಲೆ ಎರಡು ಮೊನೆ ಇಟ್ಟರೆ ಆಯಿತು. ಕರೆಂಟಿಗೆ ಹಾಗಲ್ಲ, ದಾರಿ ಕತ್ತರಿಸಿ ನಡುವೆ ಮೀಟರು ಸೇರಿಸಬೇಕು, ಎಲ್ಲ ಹಣವೂ ಕ್ಯಾಷಿಯರ್ ಕೈಮೂಲಕ ಹೋಗುವ ಹಾಗೆ. ಆಂಪಿಯರಿನಲ್ಲಿಟ್ಟ ಮೀಟರನ್ನು ಪ್ಲಗ್ಗಿಗೆ ನೇರ ಚುಚ್ಚಿದರೆ ಆ ಒಳದಾರಿಯೇ ಶಾರ್ಟ್ ಸರ್ಕ್ಯೂಟ್! ಓಂ ಅಳೆಯುವಾಗ ಮೀಟರಿನದೇ ಬ್ಯಾಟರಿ ಕೆಲಸ ಮಾಡುವುದರಿಂದ ಸಪ್ಲೈ ಪೂರ್ತಿ ಬಂದ್ ಆಗಿರಬೇಕು.

1951ರಲ್ಲಿ ಬಂದ ಆವೋ ಮಾಡೆಲ್ 8 ದಶಕಗಳ ಕಾಲ ಎಂಜಿನಿಯರುಗಳ ಸಂಗಾತಿಯಾಯಿತು. ಅದರ ಡಿಸಿ ವೋಲ್ಟೇಜಿನ ಗುಣ ಒಂದು ವೋಲ್ಟಿಗೆ 20,000 ಓಂ. 100 ವೋಲ್ಟಿನ ರೇಂಜಿನಲ್ಲಿ ಮೀಟರು 20 ಲಕ್ಷ ಓಂ ತಡೆಯಂತೆ ವರ್ತಿಸುತ್ತದೆ. ಅಂದರೆ ಅಳೆಯುವುದಕ್ಕಾಗಿ ಸರ್ಕ್ಯೂಟಿನಿಂದಲೇ ಚೂರು ಕರೆಂಟು ತೆಗೆದುಕೊಳ್ಳುತ್ತದೆ. ಆಡಿಟರ್ ಬಂದಾಗ ಚಹಾ ತಿಂಡಿಯ ಖರ್ಚು ಬ್ರಾಂಚಿನ ಲೆಕ್ಕಕ್ಕೇ ಬೀಳುತ್ತದಲ್ಲ, ಹಾಗೆ. ಎಸಿ ಅಳೆಯುವಾಗ ಈ ಖರ್ಚು ಇನ್ನೂ ಜಾಸ್ತಿ.

ಈ ಖರ್ಚನ್ನು ಬಹುಮಟ್ಟಿಗೆ ಇಲ್ಲವಾಗಿಸಿದ್ದು ಎಲೆಕ್ಟ್ರಾನಿಕ್ಸ್. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಕೇ ಡಿಜಿಟಲ್ ವೋಲ್ಟ್ ಮೀಟರ್ ತಂದ. 1983ರಲ್ಲಿ ಫ್ಲೂಕ್ 77 ಬರುವ ಹೊತ್ತಿಗೆ ಅಂಕಿ ತೋರಿಸುವ ಮೀಟರು ಅಂಗೈಗೆ ಇಳಿದಿತ್ತು. ಒಳ್ಳೆಯ ಡಿಜಿಟಲ್ ಮೀಟರಿನ ತಡೆ ಸಾಮಾನ್ಯವಾಗಿ ಒಂದು ಕೋಟಿ ಓಂ. 2008ರಲ್ಲಿ ಆವೋ ಮಾಡೆಲ್ 8ರ ತಯಾರಿಕೆ ನಿಂತಿತು.

ಹಾಗಾದರೆ ಹೊಸದು ಎಲ್ಲದರಲ್ಲೂ ಮೇಲು ಅಂತ ತೀರ್ಪು ಕೊಡಬಹುದೇ? ಸ್ವಲ್ಪ ತಾಳಿ. ನಮ್ಮ ಸೊಸೈಟಿಯ ಜಿನ ದೀಪ ರಿಪೇರಿಗೆ ಬಂದ ಹುಡುಗ, ಬಂದ್ ಮಾಡಿದ ವಯರಿನಲ್ಲೂ ಎಪ್ಪತ್ತು ವೋಲ್ಟ್ ತೋರಿಸುತ್ತಿದೆ ಎಂದ. ವಯರಿಂಗ್ ಪೂರ್ತಿ ಬದಲಿಸಬೇಕೆಂಬ ಮಾತು ಬಂತು. ಖಜಾಂಚಿ ನಾನು, ಎದೆ ಧಸಕ್ಕೆಂದಿತು. ಆಮೇಲೆ ಅವನ ಮೇಸ್ತ್ರಿ ಬಂದು, ಹೋಲ್ಡರಿಗೆ ಎರಡು ವಯರು ಕಟ್ಟಿದ ಬಲ್ಬನ್ನು ಆ ಜಾಗಕ್ಕೆ ಜೋಡಿಸಿದ. ಬಲ್ಬು ಹತ್ತಲಿಲ್ಲ, ಮೀಟರಿನ ಅಂಕಿ ಸೊನ್ನೆಗೆ ಇಳಿಯಿತು.

ಇದಕ್ಕೆ ಭೂತ ವೋಲ್ಟೇಜು ಅನ್ನುತ್ತಾರೆ. ಒಂದೇ ಪೈಪಿನಲ್ಲಿ ಜೀವಂತ ವಯರಿನ ಪಕ್ಕ ಓಡುವ ಸತ್ತ ವಯರಿಗೆ ಕೆಪಾಸಿಟರಿನ ರೀತಿ ಚೂರು ವೋಲ್ಟೇಜು ಅಂಟಿಕೊಳ್ಳುತ್ತದೆ. ಅದಕ್ಕೆ ಬಲವಿಲ್ಲ. ಹಳೆಯ ಮುಳ್ಳಿನ ಮೀಟರು ತನ್ನ ಚಹಾ ಖರ್ಚು ಕೇಳಿದ ಕೂಡಲೇ ಭೂತ ಕುಸಿದುಬೀಳುತ್ತಿತ್ತು. ಏನನ್ನೂ ಕೇಳದ ಹೊಸ ಆಡಿಟರ್ ಅಂತೆಕಂತೆಯನ್ನೂ ರಿಪೋರ್ಟಿನಲ್ಲಿ ಬರೆದುಬಿಡುತ್ತಾನೆ! ಅದಕ್ಕೇ ಈಗ ಕೆಲವು ಡಿಜಿಟಲ್ ಮೀಟರುಗಳಲ್ಲಿ ಬೇಕೆಂದೇ ಕಡಿಮೆ ತಡೆಯ ಸ್ಥಾನವೊಂದನ್ನು ಕೊಡುತ್ತಾರೆ. ಎಷ್ಟೋ ವರ್ಷ ಪಟ್ಟು ಹಿಡಿದು ಕಳೆದ ದೋಷ, ಗುಣವಾಗಿ ವಾಪಸು ಬಂತು.

ಆದರೆ ಎಪ್ಪತ್ತು ಕಂಡರೆ ಭೂತವೇ ಎಂದು ನಂಬಿ ಕೈ ಹಾಕಬೇಡಿ, ದಯವಿಟ್ಟು. ನಿಜವಾದ ಕರೆಂಟು ಯಾವ ಅಂಕಿಯ ವೇಷದಲ್ಲಾದರೂ ಕೂತಿರಬಹುದು. ಸೊನ್ನೆ ಕಂಡರೂ ನೆಮ್ಮದಿ ಬೇಡ, ಮೀಟರೇ ಕೆಟ್ಟಿರಬಹುದು. ಬಲ್ಲ ಕೆಲಸಗಾರ ಮೊದಲು ಕರೆಂಟಿದೆ ಎಂದು ಗೊತ್ತಿರುವ ಪ್ಲಗ್ಗಿನಲ್ಲಿ ಮೀಟರು ಪರೀಕ್ಷಿಸುತ್ತಾನೆ, ಆಮೇಲೆ ಸಂಶಯದ ವಯರು ನೋಡುತ್ತಾನೆ, ಮತ್ತೆ ಅದೇ ಪ್ಲಗ್ಗಿಗೆ ಬಂದು ಮೀಟರು ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ನಾವು ನೋಟು ಎರಡು ಸಲ ಎಣಿಸುವುದು ಹಣ ತಪ್ಪಬಾರದೆಂದು. ಅವನು ಎರಡು ಸಲ ನೋಡುವುದು ಸಂಜೆ ಮನೆಗೆ ಹೋಗಬೇಕೆಂದು. ನಿಮ್ಮ ಮನೆಗೆ ಬಂದವನು ಹೀಗೆ ಸಮಯ ತೆಗೆದುಕೊಂಡರೆ ಅವಸರ ಮಾಡಬೇಡಿ, ಒಂದು ಕಪ್ ಚಹಾ ಕೊಡಿ.