ಅಂಗಡಿ ಮುಟ್ಟದ ಹಾಡುಗಳು

ಅಮೆರಿಕದ ಮೆಂಫಿಸ್‌ನಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋದ ಹತ್ತಿರ ದಿನಸಿ ಅಂಗಡಿಯಿತ್ತು. ಹೆಸರು ಬಿಗ್ ಸ್ಟಾರ್. ನಾಲ್ವರು ಹುಡುಗರು ಆ ಬೋರ್ಡನ್ನೇ ನೋಡಿ ತಮ್ಮ ಬ್ಯಾಂಡಿಗೂ ಅದೇ ಹೆಸರಿಟ್ಟರು. 1972ರಲ್ಲಿ ಬಂದ ಮೊದಲ ಆಲ್ಬಮ್ಮನ್ನು ಹುಮ್ಮಸ್ಸಿನಿಂದ 'ನಂಬರ್ 1 ರೆಕಾರ್ಡ್' ಎಂದು ಕರೆದುಕೊಂಡರು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಓದಿದವರು ಕೊಳ್ಳಲು ಹೋದರೆ ಅಂಗಡಿಯಲ್ಲಿ ಮಾಲೇ ಇಲ್ಲ! ಹಂಚುವ ಹೊಣೆ ಹೊತ್ತಿದ್ದ ಸ್ಟ್ಯಾಕ್ಸ್ ಕಂಪನಿಗೆ ಅದನ್ನು ಊರೂರಿಗೆ ಮುಟ್ಟಿಸಲಾಗಲಿಲ್ಲ. ಮುಂದೆ ಕೊಲಂಬಿಯಾ ಕಂಪನಿಯ ಜತೆ ಒಪ್ಪಂದವಾದ ಮೇಲಂತೂ ಇದ್ದ ದಾರಿಯೂ ಮುಚ್ಚಿತು. ಅಂಗಡಿಯ ಹೆಸರು ಹೊತ್ತ ಬ್ಯಾಂಡು ಅಂಗಡಿ ಸೇರಲಿಲ್ಲ.

'ಆಲ್ಟರ್ನೇಟಿವ್' ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ. ಗಿಟಾರಿನ ಗದ್ದಲ, ಗೊಣಗುವ ಗಾಯನ ಎಂದೆಲ್ಲ ಲಕ್ಷಣ ಹೇಳಹೊರಟರೆ ಎರಡೇ ನಿಮಿಷಕ್ಕೆ ಸಿಕ್ಕಿಬೀಳುತ್ತೇವೆ. ಆ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ನೂರು ಬಗೆಯ ಸಂಗೀತವಿದೆ. ದೊಡ್ಡ ಕಂಪನಿಯ ರಾಜಮಾರ್ಗ ಬಿಟ್ಟು ಒಳದಾರಿಯಲ್ಲಿ ಕೇಳುಗನನ್ನು ತಲುಪಿತು ಎನ್ನುವುದೊಂದೇ ಅವುಗಳ ನಡುವಿನ ನಂಟು. ಹಾಗಾಗಿ ಈ ಸಂಗೀತದ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಅದನ್ನು ಹೊತ್ತು ತಂದವರ ಚರಿತ್ರೆ.

ಮೂಲ ಹುಡುಕುವವರು ಸಾಮಾನ್ಯವಾಗಿ ಹೋಗಿ ನಿಲ್ಲುವುದು 1967ಕ್ಕೆ, ದಿ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ಮೊದಲ ಆಲ್ಬಂಗೆ. ರಕ್ಷಾಕವಚದ ಮೇಲೆ ಆಂಡಿ ವಾರ್ಹಾಲ್ ಬಿಡಿಸಿದ ಬಾಳೆಹಣ್ಣು, ಒಳಗೆ ನ್ಯೂಯಾರ್ಕಿನ ಕತ್ತಲೆ. ಆಗ ಕೊಂಡವರು ಕಡಿಮೆ. ಆದರೆ ಕೊಂಡವರೆಲ್ಲ ಹೋಗಿ ತಮ್ಮದೇ ಬ್ಯಾಂಡು ಕಟ್ಟಿದರು ಎಂಬರ್ಥದ ಮಾತೊಂದು ಸಂಗೀತಗಾರ ಬ್ರಯನ್ ಈನೋ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಉತ್ಪ್ರೇಕ್ಷೆಯೇ ಇರಲಿ, ಮಾರಾಟದ ಲೆಕ್ಕಕ್ಕೂ ಪ್ರಭಾವದ ಲೆಕ್ಕಕ್ಕೂ ಬೇರೆ ಬೇರೆ ಖಾತೆ ತೆರೆದದ್ದು ಈ ಆಲ್ಬಂ.

ದಾರಿಯನ್ನೇ ಹೊಸದಾಗಿ ಕಡಿದವರು ಇಂಗ್ಲೆಂಡಿನವರು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು ಮನೆಯವರು, ಸ್ನೇಹಿತರ ಹತ್ತಿರ ಸುಮಾರು 500 ಪೌಂಡ್ ಸಾಲ ಮಾಡಿ 1977ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ನಾಲ್ಕು ಹಾಡಿನ ತಟ್ಟೆಯನ್ನು ತಾವೇ ಹೊರತಂದರು. ಅಚ್ಚು ಹಾಕಿಸಿದ್ದು 1,000. ಯಾವ ಹಾಡನ್ನು ಎಷ್ಟನೆಯ ಸಲಕ್ಕೆ ಒಪ್ಪಿಕೊಂಡೆವು ಎಂಬುದನ್ನೂ ಕವಚದ ಮೇಲೆ ಮುದ್ರಿಸಿದರು. ಅಡುಗೆಯವನು ಊಟದ ಜತೆ ಪಾಕದ ಚೀಟಿಯನ್ನೂ ಬಡಿಸಿದ ಹಾಗೆ. ತಟ್ಟೆಗಳು ಬೇಗನೆ ಖರ್ಚಾದವು. 'ಇಷ್ಟೇನಾ, ನಾವೂ ಮಾಡಬಹುದಲ್ಲ' ಅಂದುಕೊಂಡವರು ಊರೂರಲ್ಲಿ ಹುಟ್ಟಿಕೊಂಡರು. ಲಂಡನ್ನಿನಲ್ಲಿ ಜೆಫ್ ಟ್ರಾವಿಸ್ 1976ರಲ್ಲಿ ತೆರೆದಿದ್ದ ರಫ್ ಟ್ರೇಡ್ ಅಂಗಡಿ ಇಂಥ ತಟ್ಟೆಗಳಿಗೆ ತಂಗುದಾಣವಾಯಿತು, ಎರಡು ವರ್ಷದಲ್ಲಿ ತಾನೇ ಒಂದು ರೆಕಾರ್ಡ್ ಕಂಪನಿಯೂ ಆಯಿತು.

ಇದಕ್ಕೆಲ್ಲ ಗಾಳಿ ಊದಿದವನು ಜಾನ್ ಪೀಲ್. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಬಿಬಿಸಿ ರೇಡಿಯೋ 1ರಲ್ಲಿ ಕೂತು, ಯಾರೋ ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ಟನ್ನೂ ಕೇಳಿ, ಹಿಡಿಸಿದರೆ ಇಡೀ ದೇಶಕ್ಕೆ ಕೇಳಿಸುತ್ತಿದ್ದ. 1978ರಲ್ಲಿ ಉತ್ತರ ಐರ್ಲೆಂಡಿನ ಅಂಡರ್‌ಟೋನ್ಸ್ ಬ್ಯಾಂಡಿನ 'ಟೀನೇಜ್ ಕಿಕ್ಸ್' ಹಾಡನ್ನು ಒಮ್ಮೆ ಹಾಕಿ ಮುಗಿಸಿ, ತಡೆಯಲಾರದೆ ಮತ್ತೊಮ್ಮೆ ಹಾಕಿಬಿಟ್ಟ. ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸುವುದರಲ್ಲೂ ಅವನದು ಎತ್ತಿದ ಕೈ. ಅವನ ಅಭಿರುಚಿಯಲ್ಲಿ ಅರ್ಧ ನನಗೆ ಸೇರುವುದಿಲ್ಲ. ಆದರೂ ಒಬ್ಬ ಮನುಷ್ಯ ತನ್ನ ಚಪಲಕ್ಕೆ ಮಣಿದು 'ಇದನ್ನು ಕೇಳಿ' ಎಂದಾಗ ಕಿವಿ ನಿಮಿರುವ ಬಗೆಯೇ ಬೇರೆ.

ಅಮೆರಿಕದಲ್ಲಿ ಬಿಬಿಸಿಯ ಜಾಗ ತುಂಬಿದ್ದು ಕಾಲೇಜು ರೇಡಿಯೋಗಳು. ವಿದ್ಯಾರ್ಥಿಗಳೇ ನಡೆಸುವ, ಊರಾಚೆ ಕೇಳಿಸದ ಪುಟ್ಟ ನಿಲಯಗಳು. ಕ್ಯಾಲಿಫೋರ್ನಿಯಾದ ಎಸ್‌ಎಸ್‌ಟಿ, ವಾಷಿಂಗ್ಟನ್ನಿನ ಡಿಸ್ಕಾರ್ಡ್ ಥರದ ಸ್ವಂತ ಕಂಪನಿಗಳ ಬ್ಯಾಂಡುಗಳು ಹಳೆಯ ವ್ಯಾನಿನಲ್ಲಿ ಊರಿಂದೂರಿಗೆ ಅಲೆದು, ಸಿಕ್ಕವರ ಮನೆಯ ನೆಲದ ಮೇಲೆ ಮಲಗಿ, ಮರುದಿನ ಆ ಊರಿನ ಕಾಲೇಜು ನಿಲಯದ ಬಾಗಿಲು ತಟ್ಟುತ್ತಿದ್ದವು. ಜಾರ್ಜಿಯಾದ ಆರ್‌.ಇ.ಎಂ. ಬೆಳೆದದ್ದು ಹೀಗೆ. 1983ರಲ್ಲಿ ಬಂದ ಅವರ 'ಮರ್ಮರ್' ಆಲ್ಬಮ್ಮಿನಲ್ಲಿ ಹಾಡುಗಾರ ಏನು ಹೇಳುತ್ತಿದ್ದಾನೆಂಬುದೇ ತಿಳಿಯುವುದಿಲ್ಲ. ಹಾಗಿದ್ದೂ ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ಲೋಕವನ್ನೇ ಕುಣಿಸುತ್ತಿದ್ದ ವರ್ಷದಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಂ ಎಂದು ಆರಿಸಿದ್ದು ಇದನ್ನು.

ಈ ಆರ್‌.ಇ.ಎಂ.ನವರು ಹೋದಲ್ಲೆಲ್ಲ ಬಿಗ್ ಸ್ಟಾರ್ ಹೆಸರು ಹೇಳುತ್ತಿದ್ದರು. ಮಿನಿಯಾಪೊಲಿಸ್‌ನ ರಿಪ್ಲೇಸ್‌ಮೆಂಟ್ಸ್ 1987ರಲ್ಲಿ ಬಿಗ್ ಸ್ಟಾರ್‌ನ ಅಲೆಕ್ಸ್ ಚಿಲ್ಟನ್ ಹೆಸರಿನಲ್ಲೇ ಹಾಡು ಬರೆದರು. ನಾನು ಹೊಸ ಕಲಾವಿದರನ್ನು ಹುಡುಕುವುದನ್ನು ಕಲಿತದ್ದು ಹೀಗೆಯೇ. ಕ್ಯಾಸೆಟ್ಟಿನೊಳಗಿನ ಮಡಚಿದ ಕಾಗದದಲ್ಲಿ ಇರುವೆ ಸಾಲಿನಂತೆ ಅಚ್ಚಾದ ಕೃತಜ್ಞತೆಯ ಪಟ್ಟಿ ಇರುತ್ತದಲ್ಲ, ಅದರಲ್ಲಿ ಗೊತ್ತಿಲ್ಲದ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಆಮೇಲೆ ಬೆಂಗಳೂರಿನ ಅಂಗಡಿಗಳಲ್ಲಿ ಕೇಳಿ ಇಲ್ಲವೆನ್ನಿಸಿಕೊಳ್ಳುವುದು. ಎಷ್ಟೋ ಬ್ಯಾಂಡುಗಳ ಹೆಸರು ನನ್ನೊಳಗೆ ಅವುಗಳ ಸಂಗೀತಕ್ಕಿಂತ ಹತ್ತು ವರ್ಷ ಹಿರಿದು.

1991ರ ಕಥೆ ಎಲ್ಲರಿಗೂ ಗೊತ್ತು. ಮೊದಲ ಆಲ್ಬಂ 'ಬ್ಲೀಚ್' ಅನ್ನು 606 ಡಾಲರ್‌ನಲ್ಲಿ ಮುಗಿಸಿದ್ದ ನಿರ್ವಾಣ ಬ್ಯಾಂಡು ದೊಡ್ಡ ಕಂಪನಿಗೆ ಹೋಗಿ 'ನೆವರ್‌ಮೈಂಡ್' ಮಾಡಿತು. ಕಂಪನಿ ಶುರುವಿಗೆ ಅಂಗಡಿಗಳಿಗೆ ಕಳಿಸಿದ್ದು 46,000 ಚಿಲ್ಲರೆ ಪ್ರತಿ. ನಾಲ್ಕು ತಿಂಗಳಾಗುವುದರೊಳಗೆ ಅದು ಜಾಕ್ಸನ್ನನ 'ಡೇಂಜರಸ್' ಅನ್ನು ಕೆಳಗಿಳಿಸಿ ಮೊದಲ ಸ್ಥಾನದಲ್ಲಿ ಕೂತಿತ್ತು. ಗ್ರ್ಯಾಮಿಯವರು ಅದೇ ವರ್ಷ ಆಲ್ಟರ್ನೇಟಿವ್‌ಗೆಂದು ಹೊಸ ಪ್ರಶಸ್ತಿ ಶುರು ಮಾಡಿದ್ದರು. ಮೊದಲು ಗೆದ್ದ ಶಿನೇಡ್ ಓಕಾನರ್ ಬೇಡವೆಂದಳು. ಒಳದಾರಿಗೆ ಡಾಂಬರು ಬಿತ್ತು. ನಮ್ಮ ಕೇಬಲ್ ಟಿವಿಗೂ ಎಂಟಿವಿ ಬಂತು.

ಆ ವರ್ಷದ ಆಲ್ಬಮ್ಮುಗಳಲ್ಲಿ ಒಂದನ್ನೇ ಉಳಿಸಿಕೋ ಎಂದರೆ ನನ್ನ ಕೈ ಹೋಗುವುದು ಸ್ಲಿಂಟ್ ಬ್ಯಾಂಡಿನ 'ಸ್ಪೈಡರ್‌ಲ್ಯಾಂಡ್' ಕಡೆಗೆ. ಲೂಯಿವಿಲ್ಲಿನ ಹುಡುಗರು, ಆರೇ ಹಾಡು. ಪಿಸುಮಾತಿನಲ್ಲಿ ಶುರುವಾಗಿ ಎಲ್ಲೋ ಒಡೆದು ಚೀರುವ ಸಂಗೀತ. ಆಲ್ಬಂ ಹೊರಬರುವ ಹೊತ್ತಿಗೆ ಬ್ಯಾಂಡೇ ಮುರಿದಿತ್ತು, ಊರೂರು ತಿರುಗಿ ಹಾಡಲು ಯಾರೂ ಉಳಿದಿರಲಿಲ್ಲ. ಅದೇ ವರ್ಷದ, ಎಲ್ಲರೂ ತಲೆಬಾಗುವ 'ಲವ್‌ಲೆಸ್' ಆಲ್ಬಂ ನನಗೆ ಇಂದಿಗೂ ಅರ್ಧ ಗಂಟೆಗೆ ಸಾಕೆನಿಸುತ್ತದೆ. ಬೈಯುವವರು ಬೈಯಲಿ.

ಇಂಟರ್‌ನೆಟ್ ಬಂದ ಮೇಲೆ ಸತ್ತವರೂ ಮರೆತವರೂ ಎದ್ದು ಬಂದರು. 1974ರಲ್ಲಿ 26ಕ್ಕೇ ತೀರಿಕೊಂಡ ನಿಕ್ ಡ್ರೇಕ್‌ನ 'ಪಿಂಕ್ ಮೂನ್' ಅವನು ಜೀವಂತ ಇದ್ದಾಗ ಮಾರದ್ದು, ಕಾಲು ಶತಮಾನದ ಬಳಿಕ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಿಂದಾಗಿ ಮಾರಿತು. 1970ರಲ್ಲಿ ಒಂದೇ ಆಲ್ಬಂ ಮಾಡಿ ಸಂಗೀತವನ್ನೇ ಬಿಟ್ಟುಹೋಗಿದ್ದ ವಾಷ್ಟಿ ಬನ್ಯನ್ ಕಂಪ್ಯೂಟರಿನಲ್ಲಿ ತನ್ನದೇ ಹೆಸರು ಹುಡುಕಿದಾಗ ಆ ಆಲ್ಬಮ್ಮಿಗಾಗಿ ಜನ ಹಂಬಲಿಸುತ್ತಿರುವುದು ಗೊತ್ತಾಯಿತು. 2000ದಲ್ಲಿ ಅದು ಮರುಮುದ್ರಣವಾಯಿತು. ಎರಡನೆಯ ಆಲ್ಬಂ ಬಂದದ್ದು 2005ರಲ್ಲಿ, ಮೊದಲನೆಯದಾದ 35 ವರ್ಷಕ್ಕೆ! ನಮ್ಮ ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ ಸಿನಿಮಾದ ಹಂಗಿಲ್ಲದೆ ಕನ್ನಡ ಹಾಡಿದಾಗ ನಾನು ಹಿಗ್ಗಿದ್ದು ಇವರನ್ನೆಲ್ಲ ಕೇಳಿದ್ದ ಕಿವಿಯಿಂದ.

ಈಗ ಹೊತ್ತು ತರುವ ಕೆಲಸ ಯಂತ್ರಕ್ಕೆ ಬಿದ್ದಿದೆ. ಪೇವ್‌ಮೆಂಟ್ ಬ್ಯಾಂಡಿನವರು ತೊಂಬತ್ತರ ದಶಕದಲ್ಲಿ ಆಲ್ಬಮ್ಮಿಗೂ ಸೇರಿಸದೆ ಪಕ್ಕಕ್ಕಿಟ್ಟಿದ್ದ 'ಹಾರ್ನೆಸ್ ಯುವರ್ ಹೋಪ್ಸ್' ಸ್ಪಾಟಿಫೈನಲ್ಲಿ ತಾನೇ ತಾನಾಗಿ ನುಗ್ಗಿ, ಅವರ ಅತಿ ಹೆಚ್ಚು ಕೇಳಲ್ಪಡುವ ಹಾಡಾಯಿತು. ಹಾಡು ಚೆನ್ನಾಗಿಯೇ ಇದೆ. ಆದರೆ ಅದನ್ನು ಯಾರು ಆರಿಸಿದರು ಎಂದರೆ ಬೊಟ್ಟು ಮಾಡಲು ಒಬ್ಬ ಜಾನ್ ಪೀಲ್ ಇಲ್ಲ. ವರ್ಷಕ್ಕೆ 1,000 ಸಲವೂ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಅಲ್ಲಿ ಸಂಭಾವನೆಯೂ ಇಲ್ಲ. ಬಜ್‌ಕಾಕ್ಸ್‌ನ ಮೊದಲ ಅಚ್ಚಿನಷ್ಟೇ ಸಂಖ್ಯೆ.

ಹಾಗೆಂದು ಮನುಷ್ಯರು ಹೊತ್ತು ತರುವುದು ಪೂರ್ತಿ ನಿಂತಿಲ್ಲ. 2016ರಲ್ಲಿ ನಾಟಿಂಗ್‌ಹ್ಯಾಮಿನ ಆಕ್ಸ್‌ಫ್ಯಾಮ್ ದತ್ತಿ ಅಂಗಡಿಯ ಹಳೆಯ ಸಾಮಾನಿನ ನಡುವೆ ಯಾರಿಗೋ ಒಂದು ಸಿ.ಡಿ. ಸಿಕ್ಕಿತು. ಪಾಂಚಿಕೊ ಎಂಬ ಬ್ಯಾಂಡು, 2000ನೆಯ ಇಸವಿ, ಹೆಸರು 'ಡೆತ್‌ಮೆಟಲ್'. ಒಳಗಿದ್ದ ಸಂಗೀತ ಮಾತ್ರ ತೀರಾ ಮೃದು. ತಟ್ಟೆ ಹಾಳಾಗಿ ಹಾಡಿನ ತುಂಬ ಕರಕರ ಸದ್ದು. ಊರುಕೇರಿ ಗೊತ್ತಿಲ್ಲದ ಕೇಳುಗರು ಇಂಟರ್‌ನೆಟ್ಟಿನಲ್ಲಿ ವರ್ಷಗಟ್ಟಲೆ ಬೆನ್ನುಹತ್ತಿ 2020ರಲ್ಲಿ ಹಾಡಿದವನನ್ನು ಪತ್ತೆಮಾಡಿದರು. ಹುಡುಗರಾಗಿದ್ದಾಗ ಮಾಡಿ ಮರೆತ ಕೆಲಸಕ್ಕೆ ಜನ ಕಾದಿದ್ದಾರೆಂದು ಆಗಲೇ ಬ್ಯಾಂಡಿನವರಿಗೆ ಗೊತ್ತಾದದ್ದು. ಬ್ಯಾಂಡು ಮತ್ತೆ ಕೂಡಿತು, ಸ್ವಚ್ಛವಾದ ಪ್ರತಿಯೂ ಬಂತು. ಎರಡೂ ನನ್ನ ಹತ್ತಿರ ಇವೆ. ರಾತ್ರಿ ಹೊತ್ತು ನಾನು ಹಾಕಿಕೊಳ್ಳುವುದು ಕರಕರ ಎನ್ನುವುದನ್ನೇ.