ಅಕಾಡೆಮಿಕ್ ವರ್ಡ್ ಲಿಸ್ಟ್

ಅಕಾಡೆಮಿಕ್ ವರ್ಡ್ ಲಿಸ್ಟ್ ಎಂಬುದು ವಿಶ್ವವಿದ್ಯಾಲಯ ಮಟ್ಟದ ಇಂಗ್ಲಿಷ್ ಬರಹಗಳಲ್ಲಿ, ವಿಷಯ ಯಾವುದೇ ಇರಲಿ, ಪದೇ ಪದೇ ಬಳಕೆಯಾಗುವ 570 ಪದಕುಟುಂಬಗಳ ಪಟ್ಟಿ. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಏವರಿಲ್ ಕಾಕ್ಸ್‌ಹೆಡ್ ಅವರು ಇದನ್ನು ಸಿದ್ಧಪಡಿಸಿ, 2000ರಲ್ಲಿ ಟೆಸೋಲ್ ಕ್ವಾರ್ಟರ್ಲಿ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಉನ್ನತ ಶಬ್ದಸಂಪತ್ತು ಎಂದರೆ ಅಪರೂಪದ ಕಠಿಣ ಪದಗಳ ಸಂಗ್ರಹ ಎಂಬ ಸಾಮಾನ್ಯ ತಿಳಿವಳಿಕೆಗೆ ಈ ಪಟ್ಟಿ ಹೊಂದುವುದಿಲ್ಲ. ಇದರಲ್ಲಿರುವುದು ಅನಲೈಸ್, ಅಸ್ಯೂಮ್, ಕಾನ್ಸೆಪ್ಟ್, ಸಿಗ್ನಿಫಿಕೆಂಟ್ ಮುಂತಾದ ಪದಗಳು. ಇವು ಮನೆಮಾತಿನಲ್ಲಿ ವಿರಳ, ಪಠ್ಯಪುಸ್ತಕದಲ್ಲಿ ಪುಟಪುಟಕ್ಕೂ ಎದುರಾಗುವಂಥವು.

ಹಿನ್ನೆಲೆ

ಅತ್ಯಂತ ಸಾಮಾನ್ಯವಾದ ಸುಮಾರು 2000 ಇಂಗ್ಲಿಷ್ ಪದಗಳನ್ನು ಮೈಕೆಲ್ ವೆಸ್ಟ್ ಅವರು 1953ರಲ್ಲಿ ಜನರಲ್ ಸರ್ವಿಸ್ ಲಿಸ್ಟ್ ಎಂಬ ಹೆಸರಿನಲ್ಲಿ ಪ್ರಕಟಿಸಿದ್ದರು. ವೆಸ್ಟ್ ಅವರು ಅದಕ್ಕೂ ಬಹಳ ಹಿಂದೆ ಢಾಕಾದಲ್ಲಿದ್ದು, ಬಂಗಾಳಿ ಮಕ್ಕಳಿಗಾಗಿ ಪದಗಳ ಸಂಖ್ಯೆಯನ್ನು ಮಿತಗೊಳಿಸಿದ ವಾಚನ ಪುಸ್ತಕಗಳನ್ನು ರಚಿಸಿದವರು. ಆ 2000 ಪದಗಳನ್ನು ಬಲ್ಲ ವಿದ್ಯಾರ್ಥಿ ಮುಂದೇನು ಕಲಿಯಬೇಕು ಎಂಬ ಪ್ರಶ್ನೆಗೆ ಕಾಕ್ಸ್‌ಹೆಡ್ ಅವರ ಪಟ್ಟಿ ಉತ್ತರವಾಗಿದೆ.

ರಚನೆ

ಕಲೆ, ವಾಣಿಜ್ಯ, ಕಾನೂನು ಮತ್ತು ವಿಜ್ಞಾನ ವಿಭಾಗಗಳ 28 ವಿಷಯಗಳಿಗೆ ಸೇರಿದ, ಸುಮಾರು 35 ಲಕ್ಷ ಪದಗಳ ಪಠ್ಯಸಂಗ್ರಹವನ್ನು ಇದಕ್ಕಾಗಿ ಪರಿಶೀಲಿಸಲಾಯಿತು. ವೆಸ್ಟ್ ಅವರ ಪಟ್ಟಿಯಲ್ಲಿದ್ದ ಪದಗಳನ್ನು ಕೈಬಿಟ್ಟು, ಒಟ್ಟು ಸಂಗ್ರಹದಲ್ಲಿ ಕನಿಷ್ಠ 100 ಬಾರಿ, ನಾಲ್ಕೂ ವಿಭಾಗಗಳಲ್ಲಿ ತಲಾ 10 ಬಾರಿ ಹಾಗೂ 15 ಅಥವಾ ಹೆಚ್ಚು ವಿಷಯಗಳಲ್ಲಿ ಕಂಡುಬಂದ ಕುಟುಂಬಗಳನ್ನು ಮಾತ್ರ ಆಯ್ದುಕೊಳ್ಳಲಾಯಿತು. ಬಳಕೆಯ ಪ್ರಮಾಣಕ್ಕನುಗುಣವಾಗಿ ಇವುಗಳನ್ನು ಹತ್ತು ಉಪಪಟ್ಟಿಗಳಾಗಿ ವಿಂಗಡಿಸಲಾಗಿದೆ. ಶೈಕ್ಷಣಿಕ ಪಠ್ಯಗಳಲ್ಲಿ ಈ ಪದಗಳ ಪಾಲು ಶೇ. 10ರಷ್ಟಾದರೆ, ಕಥೆ-ಕಾದಂಬರಿಗಳಲ್ಲಿ ಶೇ. 1.4 ಮಾತ್ರ.

ಕಲಿಕೆಯಲ್ಲಿ ಬಳಕೆ

ಪಟ್ಟಿಯ ಘಟಕ ಬಿಡಿಪದವಲ್ಲ, ಪದಕುಟುಂಬ. ಅನಲೈಸ್ ಎಂಬ ಕ್ರಿಯಾಪದದೊಡನೆ ಅನಾಲಿಸಿಸ್, ಅನಲಿಸ್ಟ್, ಅನಲಿಟಿಕಲ್ ರೂಪಗಳನ್ನೂ ಕಲಿತಾಗ ಮಾತ್ರ ಅದು ಪೂರ್ಣವಾಗುತ್ತದೆ. ಒಂದು ಪದಕ್ಕೆ ಒಂದೇ ಕನ್ನಡ ಅರ್ಥವನ್ನು ಕಂಠಪಾಠ ಮಾಡುವ ಕ್ರಮ ಇಲ್ಲಿ ಹೆಚ್ಚು ದೂರ ಸಾಗದು. ಅಸ್ಯೂಮ್ ಎಂದರೆ ಒಂದು ವಾಕ್ಯದಲ್ಲಿ ಪುರಾವೆಯಿಲ್ಲದೆ ಭಾವಿಸು, ಇನ್ನೊಂದರಲ್ಲಿ ಅಧಿಕಾರ ವಹಿಸಿಕೊ. ಕನ್ನಡಕ್ಕೆ ಈಗಾಗಲೇ ಬಂದಿರುವ ಪದಗಳೇ ಕೆಲವೊಮ್ಮೆ ಹೆಚ್ಚು ದಾರಿ ತಪ್ಪಿಸುತ್ತವೆ: ಆಡುಮಾತಿನಲ್ಲಿ ಪಾಲಿಸಿ ಎಂದರೆ ಬಹುತೇಕ ವಿಮೆಯೇ, ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದು ಸರ್ಕಾರದ ನೀತಿ.

ಟೀಕೆ

ಕೆನ್ ಹೈಲ್ಯಾಂಡ್ ಮತ್ತು ಪಾಲಿ ತ್ಸೆ ಅವರು 2007ರಲ್ಲಿ, ಒಂದೇ ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಬೇರೆ ಅರ್ಥ ಪಡೆಯುವುದರಿಂದ ಎಲ್ಲರಿಗೂ ಸಲ್ಲುವ ಪಟ್ಟಿಯ ಉಪಯುಕ್ತತೆಯನ್ನೇ ಪ್ರಶ್ನಿಸಿದರು. ವಾಲ್ಯೂಮ್ ಎಂಬುದು ವಿಜ್ಞಾನದಲ್ಲಿ ಗಾತ್ರ, ಗ್ರಂಥಗಳ ವಿಚಾರದಲ್ಲಿ ಸಂಪುಟ. 1953ರಷ್ಟು ಹಳೆಯ ಪಟ್ಟಿಯನ್ನು ಬುನಾದಿಯಾಗಿಸಿಕೊಂಡದ್ದೂ ಆಕ್ಷೇಪಕ್ಕೆ ಗುರಿಯಾಗಿದೆ. ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಅವರು 12 ಕೋಟಿ ಪದಗಳ ಅಮೆರಿಕನ್ ಶೈಕ್ಷಣಿಕ ಪಠ್ಯಗಳನ್ನು ಆಧರಿಸಿ, ವೆಸ್ಟ್ ಅವರ ಪಟ್ಟಿಯನ್ನು ಅವಲಂಬಿಸದ ಅಕಾಡೆಮಿಕ್ ವೊಕ್ಯಾಬ್ಯುಲರಿ ಲಿಸ್ಟ್ ಎಂಬ ಹೊಸ ಪಟ್ಟಿಯನ್ನು ರೂಪಿಸಿದ್ದಾರೆ.